ಶಾಫ್ಟ್ ಮುರಿದ ಮೇಲೆ ಓದುವ ಕೈಪಿಡಿ

ಶಾಫ್ಟ್ ಮುರಿಯುವ ಮೊದಲು ಈ ಕೈಪಿಡಿಯನ್ನು ಯಾರೂ ಓದುವುದಿಲ್ಲ. ಬರೆದವನಿಗೂ ಅದು ಗೊತ್ತು. ಆದ್ದರಿಂದ ಇದು ಮುರಿದಲ್ಲಿಂದಲೇ ಶುರುವಾಗುತ್ತದೆ. ಓದುಗರು ಬೆಳಗಾವಿಯ ಖಾನಾಪುರ ರಸ್ತೆ ಹಿಡಿದು, ಥರ್ಡ್ ಗೇಟ್ ದಾಟಿ, ಉದ್ಯಮಬಾಗದ ಯಾವುದೋ ಲೇತ್ ಶೆಡ್ಡಿನ ಮುಂದೆ ಗೋಣಿಚೀಲ ಹಿಡಿದು ನಿಂತಿದ್ದಾರೆ, ಚೀಲದಲ್ಲಿ ಕಬ್ಬಿಣವಿದೆ, ಮುಖದಲ್ಲಿ ಅವಸರವಿದೆ ಎಂದು ಭಾವಿಸಲಾಗಿದೆ.

ಈ ರಸ್ತೆಯ ಬಗ್ಗೆ ಒಂದು ಮಾತು. ಉದ್ಯಮಬಾಗದಲ್ಲಿ ಶಾಫ್ಟ್ ಕಡೆಯುವವರಿದ್ದಾರೆ. ಮೋಟಾರು ವಾಹನಗಳ ಕ್ರ್ಯಾಂಕ್‌ಶಾಫ್ಟ್ ಕಡೆದೇ ಹೆಸರು ಮಾಡಿದ ಊರು ಇದು. ಇನ್ನೊಂದಿಷ್ಟು ಮುಂದೆ ಮಚ್ಛೆಯಲ್ಲಿ, 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನ ಸಂಗಮವಿದೆ. ಇಡೀ ರಾಜ್ಯದ ಮೆಕ್ಯಾನಿಕಲ್ ಹುಡುಗರಿಗೆ ಶಾಫ್ಟ್ ಲೆಕ್ಕದ ಪ್ರಶ್ನೆಪತ್ರಿಕೆ ಹೋಗುವುದು ಅಲ್ಲಿಂದ. ಹಾಗೇ ಮುಂದೆ ಹೋದರೆ ಖಾನಾಪುರ. ಅಲ್ಲಿ ಹಂಚಿನ ಮಣ್ಣು, ಭತ್ತದ ಗದ್ದೆ, ಶಾಫ್ಟ್ ಮುರಿಯುವುದಕ್ಕೆ ಬೇಕಾದ ಸಕಲ ಅನುಕೂಲ. ಲೆಕ್ಕ ಕಲಿತವರು, ಕಡೆಯುವವರು, ಮುರಿಯುವವರು ಮೂವರೂ ಒಂದೇ ಬಸ್ಸಿನಲ್ಲಿ ಓಡಾಡುತ್ತಾರೆ. ಇಳಿಯುವ ಸ್ಟಾಪು ಮಾತ್ರ ಬೇರೆ ಬೇರೆ.

ಮೊದಲ ಹೆಜ್ಜೆ: ಎರಡೂ ತುಂಡು ತನ್ನಿ

ಗಿರಾಕಿಗಳು ಸಾಮಾನ್ಯವಾಗಿ ಉದ್ದದ ತುಂಡು ತರುತ್ತಾರೆ. ಗಿಡ್ಡ ತುಂಡು ಪುಲ್ಲಿಯೊಳಗೇ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಗುಜರಿಯವನ ಪಾಲಾಗಿರುತ್ತದೆ. ಇದು ತಪ್ಪು. ಶಾಫ್ಟ್ ಹೇಗೆ ಸತ್ತಿತು ಎಂಬುದು ಬರೆದಿರುವುದು ಮುರಿದ ಮುಖದ ಮೇಲೆ. ಬರವಣಿಗೆ ಎರಡು ಪುಟದ್ದು.

ಶಾಲೆಯ ಸೀಮೆಸುಣ್ಣದ ಕಡ್ಡಿಯೊಂದನ್ನು ಎರಡು ಕೈಯಲ್ಲಿ ಹಿಡಿದು ನುಲಿಯಿರಿ. ಅದು ಅಡ್ಡಕ್ಕೆ ತುಂಡಾಗುವುದಿಲ್ಲ. ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಸುರುಳಿ ಸುತ್ತಿ ಒಡೆಯುತ್ತದೆ. ಬೀಡು ಕಬ್ಬಿಣದಂಥ ಪೆಡಸು ವಸ್ತುಗಳೆಲ್ಲ ಹೀಗೇ. ಮೆತ್ತಗಿನ ಉಕ್ಕು ಒಂದೇ ಏಟಿಗೆ ನುಲಿದು ಹರಿದರೆ ಮುಖ ಚಪ್ಪಟೆ, ಗರಗಸದಿಂದ ಕೊಯ್ದಂತೆ ನೇರ. ಆದರೆ ನಿಮ್ಮ ಗೋಣಿಚೀಲದಲ್ಲಿ ಬಹುಶಃ ಇವೆರಡೂ ಇಲ್ಲ. ಅಲ್ಲಿರುವುದು ಮೂರನೆಯ ಬಗೆ: ಒಂದು ಮೂಲೆಯಿಂದ ಹೊರಟ ನಯವಾದ ಕಮಾನು ಗೆರೆಗಳು, ಒಂದರ ಹಿಂದೊಂದು, ಕೊನೆಗೆ ಒಂದಿಷ್ಟು ಒರಟು ಜಾಗ. ಬೇಸಿಗೆಯಲ್ಲಿ ಖಾನಾಪುರದ ಮಲಪ್ರಭೆ ಹಿಂದೆ ಸರಿಯುತ್ತ ಮರಳಿನ ಮೇಲೆ ಬಿಟ್ಟುಹೋಗುವ ಗೆರೆಗಳನ್ನು ನೋಡಿದ್ದರೆ ಬೇರೆ ವಿವರಣೆ ಬೇಡ. ಶಾಫ್ಟ್ ಇವತ್ತು ಬೆಳಿಗ್ಗೆ ಮುರಿಯಲಿಲ್ಲ. ಎಷ್ಟೋ ದಿನದಿಂದ, ಪ್ರತಿ ಸುತ್ತಿಗೂ ಕಣ್ಣಿಗೆ ಕಾಣದಷ್ಟು ಬಿರಿಯುತ್ತ ಬಂದಿತ್ತು. ಇವತ್ತು ಬೆಳಿಗ್ಗೆ ಉಳಿದದ್ದು ಆ ಒರಟು ಜಾಗದಷ್ಟೇ ಕಬ್ಬಿಣ. ಆದ್ದರಿಂದ "ನಿನ್ನೆ ತನಾ ಛಲೋನ ಇತ್ರಿ" ಎಂದು ಮಿಸ್ತ್ರಿಯ ಮುಂದೆ ಹೇಳಬೇಡಿ.

ಎರಡನೆಯ ಹೆಜ್ಜೆ: ಒಂದು ಸೂತು

ಈಗ ಪದ್ಧತಿಯಂತೆ ಮಾತುಕತೆ ನಡೆಯಬೇಕು.

"ಎಷ್ಟ ಎಚ್‌ಪಿ ಮೋಟಾರ ಐತ್ರಿ?"

"ದೊಡ್ಡದ ಐತ್ರಿ."

"ಎಷ್ಟ ತಿರಗತೈತಿ?"

"ಜೋರ ತಿರಗತೈತ್ರಿ. ಮಿಸ್ತ್ರಿಯವ್ರ, ಅದೆಲ್ಲಾ ಯಾಕ? ಹಿಂದಿನದಕ್ಕಿಂತ ಒಂದ ಸೂತ ದಪ್ಪ ತಗೀರಿ, ಅಷ್ಟ."

ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ, ಮೂರು ಮಿಲಿಮೀಟರಿಗೆ ಒಂದಿಷ್ಟು ಜಾಸ್ತಿ. ಮೀಟರ್ ಪದ್ಧತಿ ಬಂದು ಎಷ್ಟೋ ಕಾಲವಾದರೂ ಉದ್ಯಮಬಾಗದ ಬಾಯಲ್ಲಿ ಅದು ಬದುಕಿದೆ. ಓದಿದವರು ನಗುವ ಈ ಒಂದು ಸೂತಿನ ಸಿದ್ಧಾಂತಕ್ಕೆ ನಾನು ನಗುವುದಿಲ್ಲ. ಶಾಫ್ಟಿನ ಬಲ ಏರುವುದು ವ್ಯಾಸದ ಘನಕ್ಕೆ ತಕ್ಕಂತೆ. 35 ಮಿಲಿಮೀಟರಿನದನ್ನು 38 ಮಾಡಿದರೆ ದಪ್ಪ ಶೇಕಡಾ ಎಂಟೂವರೆ ಏರಿತು, ಬಲ ಶೇಕಡಾ 28 ಏರಿತು. ಮೂರು ಮಿಲಿಮೀಟರಿಗೆ ಇಷ್ಟು ಲಾಭ ಯಾವ ಬ್ಯಾಂಕು ಕೊಡುತ್ತದೆ?

ಆಮೇಲೆ ಆಗುವುದು ಹೀಗೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಬೇರಿಂಗುಗಳ ಒಳವ್ಯಾಸ 30, 35, 40 ಎಂದು ಐದೈದರ ಮೆಟ್ಟಿಲು ಹತ್ತುತ್ತದೆ. 38ಕ್ಕೆ ಕೂರುವ ಬೇರಿಂಗಿಗೆ ಊರೆಲ್ಲ ಹುಡುಕಬೇಕು. ಹಳೆಯ ಬೇರಿಂಗು 35ರದ್ದು, ಅದಿನ್ನೂ ಚೆನ್ನಾಗಿದೆ, ಬಿಸಾಡಲು ಮನಸ್ಸಿಲ್ಲ. ಹೀಗಾಗಿ ಟರ್ನರು ನಡುವೆ 38 ಬಿಟ್ಟು, ಬೇರಿಂಗ್ ಕೂರುವಲ್ಲಿ ಮತ್ತೆ 35ಕ್ಕೆ ಇಳಿಸುತ್ತಾನೆ. ಟೂಲಿನ ತುದಿ ಚೂಪಾಗಿರುವುದರಿಂದ ಇಳಿಸಿದ ಮೂಲೆಯೂ ಚೂಪು. ಶಾಫ್ಟ್ ಮೊದಲು ಸಪಾಟಾಗಿತ್ತು, ಈಗ ಅದಕ್ಕೊಂದು ಮೆಟ್ಟಿಲು ಬಂತು. ಚೂಪು ಮೂಲೆಯಲ್ಲಿ ಒತ್ತಡ ಒಂದೂವರೆ ಎರಡು ಪಟ್ಟಾಗುವುದು ಮಾಮೂಲು. ದಪ್ಪ ಮಾಡಿದ್ದು ನಡುವೆ. ಮುರಿಯುವುದು ಬೇರಿಂಗಿನ ಬಾಯಲ್ಲಿ, ಅದೂ ಹಿಂದಿನದಕ್ಕಿಂತ ಬೇಗ. ಮೂಲೆಗೆ ಒಂದೆರಡು ಮಿಲಿಮೀಟರಿನ ಗುಂಡು ತಿರುವು ಕೊಡಿ ಎಂದು ಕೇಳಿ. ಟೂಲನ್ನು ಕಲ್ಲಿಗೆ ಹಿಡಿದು ಮೂಗು ಗುಂಡಗೆ ಮಾಡುವಷ್ಟು ಹೊತ್ತು ಸಾಕು.

ಮೂರನೆಯ ಹೆಜ್ಜೆ: ಹತ್ತು ಕುದುರೆಗಳ ಕಥೆ

ಮೋಟಾರಿನ ಕುದುರೆ ಎಷ್ಟು ಎಂದು ತಿಳಿದರಷ್ಟೇ ಸಾಲದು, ಅವು ಎಷ್ಟು ಜೋರಾಗಿ ಓಡುತ್ತವೆ ಎಂದೂ ತಿಳಿಯಬೇಕು. ಖಾನಾಪುರದ ಕಡೆ ಹಂಚಿನ ಮಣ್ಣು ಕಲಸುವ ಯಂತ್ರವನ್ನು ತೆಗೆದುಕೊಳ್ಳಿ. ಖಾನಾಪುರ ಮಣ್ಣಿನ ಊರು. ಖಾದಿ ಗ್ರಾಮೋದ್ಯೋಗ ಆಯೋಗ ತನ್ನ ಗ್ರಾಮೀಣ ಕುಂಬಾರಿಕೆ ಸಂಸ್ಥೆಗೆ ಹುಡುಕಿಕೊಂಡದ್ದೂ ಇದನ್ನೇ. ಮಣ್ಣು ಕಲಸುವುದಕ್ಕೆ ಅವಸರ ಬೇಡ; ನಿಮಿಷಕ್ಕೆ ಇಪ್ಪತ್ತು ಸುತ್ತು ಎನ್ನೋಣ. ಮೋಟಾರು 10 ಎಚ್‌ಪಿ, ಅಂದರೆ ಏಳೂವರೆ ಕಿಲೋವ್ಯಾಟ್, ನಿಮಿಷಕ್ಕೆ 1440 ಸುತ್ತು. ನಡುವೆ ಗೇರ್‌ಬಾಕ್ಸು.

ಸೂತ್ರ ಒಂದೇ ಸಾಲಿನದು. ಕಿಲೋವ್ಯಾಟನ್ನು 9550ರಿಂದ ಗುಣಿಸಿ, ಸುತ್ತಿನಿಂದ ಭಾಗಿಸಿ. ಟಾರ್ಕ್, ಅಂದರೆ ತಿರುಗಿಸುವ ಬಲ, ನ್ಯೂಟನ್-ಮೀಟರಿನಲ್ಲಿ ಬರುತ್ತದೆ. ಮೋಟಾರಿನ ಬಳಿ ಅದು ಸುಮಾರು 50. ಮಣ್ಣಿನ ಬಳಿ, ಗೇರಿನಲ್ಲಿ ಸೋರಿದ್ದನ್ನು ಬಿಟ್ಟರೆ, ಸುಮಾರು 3580. ಕುದುರೆ ಅವೇ ಹತ್ತು! ಕಲ್ಲು ಸಿಕ್ಕಿದಾಗಿನ ಧಕ್ಕೆಗೆಂದು ಎರಡನ್ನೂ ಒಂದೂವರೆ ಪಟ್ಟು ಮಾಡಿ. ಸಾಧಾರಣ ಉಕ್ಕಿನ ಶಾಫ್ಟಿಗೆ ಪಠ್ಯಪುಸ್ತಕಗಳು ಚದರ ಮಿಲಿಮೀಟರಿಗೆ 55 ನ್ಯೂಟನ್ ಶಿಯರ್ ಒತ್ತಡ ಕೊಡಬಹುದು ಎನ್ನುತ್ತವೆ. ಕೀಲಿ ಕೂರುವ ತೋಡು, ಅಂದರೆ ಕೀವೇ ಕೊರೆದಿದ್ದರೆ ಕಾಲುಭಾಗ ಕಳೆದು 40 ಎಂದಿಟ್ಟುಕೊಳ್ಳಿ. ಇನ್ನು ಟಾರ್ಕನ್ನು ನ್ಯೂಟನ್-ಮಿಲಿಮೀಟರಿಗೆ ತಂದು ಹದಿನಾರರಿಂದ ಗುಣಿಸಿ, ಪೈ ಮತ್ತು 40ರಿಂದ ಭಾಗಿಸಿ, ಘನಮೂಲ ತೆಗೆಯಿರಿ. ಮೋಟಾರಿನ ಕಡೆ 21 ಮಿಲಿಮೀಟರು, ಹೆಬ್ಬೆರಳಿನ ಗಾತ್ರ. ಮಣ್ಣಿನ ಕಡೆ 88 ಮಿಲಿಮೀಟರು. 90ರ ರೌಂಡ್ ಬಾರ್ ತರಿಸಬೇಕು.

"ಅದ ಮೋಟಾರ ಐತಿ, ಮತ್ತ ಶಾಫ್ಟ್ ಯಾಕ ಇಷ್ಟ ದಪ್ಪ?" ಎಂದು ಕೇಳುವ ಗಿರಾಕಿಗೆ ಎತ್ತಿನ ಗಾಡಿ ನೆನಪಿಸಿ. ಬಯಲಿನಲ್ಲಿ ಓಡುವ ಗಾಡಿಯ ನೊಗ ಸಣ್ಣದಿದ್ದರೂ ನಡೆದೀತು. ಕೆಸರಿನಲ್ಲಿ ಹುಗಿದ ಗಾಡಿಯನ್ನು ಇಂಚಿಂಚಾಗಿ ಎಳೆಯುವಾಗ ನೊಗ ಕಿರುಗುಟ್ಟುತ್ತದೆ. ಎತ್ತು ಅವೇ.

ನಾಲ್ಕನೆಯ ಹೆಜ್ಜೆ: ಮುರಿಯದ ಶಾಫ್ಟ್ ಕೆಟ್ಟದ್ದು ಹೇಗೆ

ಇಲ್ಲಿಯವರೆಗೆ ಓದಿ ಕೈಪಿಡಿ ಮಡಚಿಟ್ಟವರು ನಾನು ಮಾಡಿದ ತಪ್ಪನ್ನೇ ಮಾಡುತ್ತಾರೆ. ಅದನ್ನು ಹೇಳುತ್ತೇನೆ; ಶೆಡ್ಡಿನ ಹೆಸರು ಕೇಳಬೇಡಿ.

ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಎರಕದ ಪೆಟ್ಟಿಗೆ ಎತ್ತುವುದಕ್ಕೆ ಒಂದು ಸಣ್ಣ ಕ್ರೇನು ಮಾಡುವುದಿತ್ತು, ಎರಡು ಹಳಿಯ ಮೇಲೆ ಹಿಂದೆ ಮುಂದೆ ಓಡುವಂಥದ್ದು. ಮೋಟಾರು ಗೇರ್‌ಬಾಕ್ಸು ಒಂದು ತುದಿಯಲ್ಲಿ. ಅಲ್ಲಿಂದ ಆಚೆ ತುದಿಯ ಗಾಲಿಗೆ ಮೂರು ಮೀಟರಿನ ಶಾಫ್ಟು, ಹೊರಬೇಕಾದ ಟಾರ್ಕ್ 500 ನ್ಯೂಟನ್-ಮೀಟರು. ಲೆಕ್ಕ ಹಾಕಿದೆ. 40 ಮಿಲಿಮೀಟರಿಗೆ ಒತ್ತಡ 39.8 ಬಂತು. ಮಿತಿ 40. ಪರೀಕ್ಷೆಯಲ್ಲಿ 35ಕ್ಕೆ 35 ತಗೊಂಡು ಪಾಸಾದವನಿಗೆ ಇರುವ ಹೆಮ್ಮೆ ನನಗೂ ಇತ್ತು.

ಕ್ರೇನು ಹಳಿಯ ಮೇಲೆ ನಿಂತಿತು, ಬಟನ್ ಒತ್ತಿದೆವು. ಈಚೆ ಗಾಲಿ ಹೊರಟಿತು. ಆಚೆ ಗಾಲಿ ಒಂದು ಗುಟುಕು ಚಹಾ ಕುಡಿದು ಆಮೇಲೆ ಹೊರಟಿತು. ಕ್ರೇನು ಓರೆಯಾಗಿ, ಗಾಲಿಯ ಅಂಚು ಹಳಿಗೆ ಉಜ್ಜಿ, ಆ ಶೆಡ್ಡಿನ ನಾಯಿಗಳೆಲ್ಲ ಓಡಿಹೋಗುವಂಥ ಕೀರಲು ಸದ್ದು. ನಿಲ್ಲಿಸಿದಾಗಲೂ ಅದೇ, ತಿರುಗುಮುರುಗು. ಶಾಫ್ಟಿಗೆ ಏನೂ ಆಗಿರಲಿಲ್ಲ. ಬಿಚ್ಚಿ ನೋಡಿದರೆ ನೆಟ್ಟಗೆ, ಹೊಳೆಹೊಳೆಯುತ್ತ ಇತ್ತು.

ಸಾವಕಾರರು ಬಂದು ನೋಡಿದರು. "ಕಬ್ಬಣ ಸುಮಾರ ಐತಿ. ಛಲೋ ಸ್ಟೀಲ್ ತರ್ಸ್ರಿ. ರೊಕ್ಕ ಹೋದ್ರ ಹೋಗ್ಲಿ." ಇಎನ್ 24 ತರಿಸಿದೆವು, ಗೇರು, ಆಕ್ಸಲ್ಲುಗಳಿಗೆ ಬಳಸುವ ನಿಕ್ಕಲ್-ಕ್ರೋಮಿಯಂ-ಮಾಲಿಬ್ಡಿನಂ ಉಕ್ಕು, ರೇಟು ಕೇಳಿದರೆ ಎದೆ ಹಿಡಿದುಕೊಳ್ಳುವಂಥದ್ದು. ಅದೇ 40 ಮಿಲಿಮೀಟರಿಗೆ ಕಡೆದು ಹಾಕಿದೆವು. ಅದೇ ಕೀರಲು.

ಆ ರಾತ್ರಿ ಡಿಸೈನ್ ಡೇಟಾ ಹ್ಯಾಂಡ್‌ಬುಕ್ ತೆಗೆದೆ. ಪರೀಕ್ಷೆಯ ಹಾಲಿಗೆ ಒಯ್ಯಲು ಬಿಡುವ ಪುಸ್ತಕ ಅದು, ಹೀಗಾಗಿ ಯಾರೂ ಓದಿರುವುದಿಲ್ಲ. ನುಲಿತದ ಸೂತ್ರದಲ್ಲಿ 584 ಎಂಬ ಒಂದು ಅಂಕಿ ಇದೆ. ಅದೆಲ್ಲಿಂದ ಬಂತು ಎಂದು ನಮ್ಮ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. 32 ಮತ್ತು 180 ಗುಣಿಸಿ ಪೈ ವರ್ಗದಿಂದ ಭಾಗಿಸಿದರೆ ಬರುತ್ತದೆ, ಅಷ್ಟೇ. 584ನ್ನು ಟಾರ್ಕಿನಿಂದ, ಉದ್ದದಿಂದ ಗುಣಿಸಿ; ಉಕ್ಕಿನ ಬಿಗಿತದ ಅಂಕಿಯಿಂದ ಒಮ್ಮೆ, ವ್ಯಾಸದಿಂದ ನಾಲ್ಕು ಸಲ ಭಾಗಿಸಿ. ಶಾಫ್ಟಿನ ಎರಡು ತುದಿಗಳ ನಡುವೆ ಎಷ್ಟು ಡಿಗ್ರಿ ನುಲಿತ ಎಂದು ತಿಳಿಯುತ್ತದೆ. ನನ್ನದಕ್ಕೆ 4.28 ಡಿಗ್ರಿ. 300 ಮಿಲಿಮೀಟರಿನ ಗಾಲಿಯ ಅಂಚಿನಲ್ಲಿ ಅದು ಹನ್ನೊಂದು ಮಿಲಿಮೀಟರು. ಈಚೆ ಗಾಲಿ ಹನ್ನೊಂದು ಮಿಲಿಮೀಟರು ನಡೆದ ಮೇಲೆ ಆಚೆಯದಕ್ಕೆ ಸುದ್ದಿ ಮುಟ್ಟುತ್ತಿತ್ತು.

ಇನ್ನು ಆ ಬಿಗಿತದ ಅಂಕಿ. ಮೈಲ್ಡ್ ಸ್ಟೀಲಿಗೆ ಚದರ ಮಿಲಿಮೀಟರಿಗೆ ಸುಮಾರು 80 ಸಾವಿರ ನ್ಯೂಟನ್. ಅದಕ್ಕಿಂತ ಗಟ್ಟಿಯಾದ ಇಎನ್ 8 ಉಕ್ಕಿಗೆ? ಸುಮಾರು 80 ಸಾವಿರ. ಇಎನ್ 24ಕ್ಕೆ? ಅದೇ ಸುಮಾರು 80 ಸಾವಿರ. ಹದ ಹಾಕಿ ಎಷ್ಟು ಗಡಸು ಮಾಡಿದರೂ ಅದು ಹೆಚ್ಚೂಕಡಿಮೆ ಅಲ್ಲೇ. ದುಬಾರಿ ಉಕ್ಕು ತಡವಾಗಿ ಮುರಿಯುತ್ತದೆ, ನಿಜ. ನುಲಿಯುವುದು ಮಾತ್ರ ಅಗ್ಗದ್ದರಷ್ಟೇ. ಮುರಿಯುವುದರ ಲೆಕ್ಕ ಬೇರೆ, ನುಲಿಯುವುದರ ಲೆಕ್ಕ ಬೇರೆ, ರೊಕ್ಕ ಕೆಲಸ ಮಾಡುವುದು ಮೊದಲನೆಯದರಲ್ಲಿ. ಇದನ್ನು ನಾನು ಕಾಲೇಜಿನಲ್ಲಿ ಬರೆದು ಮಾರ್ಕು ತಗೊಂಡಿದ್ದೆ. ಸಾವಕಾರರ ದುಡ್ಡು ಹೋದ ಮೇಲೆ ಅರ್ಥವಾಯಿತು.

ಉತ್ತರ ಪುಸ್ತಕದಲ್ಲೇ ಇತ್ತು. ಯಂತ್ರೋಪಕರಣಗಳ ಶಾಫ್ಟಿಗೆ ಮೀಟರಿಗೆ ಕಾಲು ಡಿಗ್ರಿ ನುಲಿತ ಮಿತಿ. ಸಾಮಾನ್ಯ ಶಾಫ್ಟಾದರೆ ವ್ಯಾಸದ ಇಪ್ಪತ್ತು ಪಟ್ಟು ಉದ್ದಕ್ಕೆ ಒಂದು ಡಿಗ್ರಿ. ಕಟ್ಟುನಿಟ್ಟಿನ ಮಿತಿಗೆ ವ್ಯಾಸ 62 ಬೇಕು, ಬಜಾರಿನಲ್ಲಿ 65. ತೂಕದ ಲೆಕ್ಕ ಉದ್ಯಮಬಾಗದ ಎಳೆಮಗುವಿಗೂ ಗೊತ್ತು: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ. ಮೂರು ಮೀಟರಿಗೆ 30 ಕಿಲೋ ಇದ್ದದ್ದು 78 ಆಗುತ್ತದೆ. ಬೇರಿಂಗು, ಕಪ್ಲಿಂಗು ಎಲ್ಲ ಹೊಸದು. ಕಾಗದ ಹಿಡಿದು ಬೆಳಿಗ್ಗೆ ಸಾವಕಾರರ ಮುಂದೆ ನಿಂತಾಗ ಅವರು ನನ್ನ ಮುಖ ನೋಡಿದರು, ಕಾಗದ ನೋಡಲಿಲ್ಲ.

ಆಗ ಮಿಸ್ತ್ರಿ ಬೀಡಿ ಆರಿಸಿ ಬಂದ. "ಸಾಹೇಬ್ರ, ಮೋಟಾರ ನಡಕ ಇಡೂನ್ರಿ?"

ಮೋಟಾರು ನಡುವೆ, ಎರಡೂ ಕಡೆಗೆ ಒಂದೂವರೆ ಮೀಟರಿನ ಶಾಫ್ಟು. ಎರಡೂ ನುಲಿಯುತ್ತವೆ, ಆದರೆ ಒಂದೇ ಸಮ ನುಲಿಯುತ್ತವೆ. ಎರಡೂ ಗಾಲಿ ಒಂದೇ ಹೊತ್ತಿಗೆ ತಡಮಾಡಿ ಒಂದೇ ಹೊತ್ತಿಗೆ ಹೊರಡುತ್ತವೆ. ಬ್ರ್ಯಾಕೆಟ್ ವೆಲ್ಡ್ ಮಾಡುವುದಕ್ಕೆ ಎರಡು ದಿನ ಹಿಡಿಯಿತು. ಕೀರಲು ನಿಂತಿತು. ಭಾರ ಒಂದೇ ತುದಿಗೆ ಜೋತಾಗ ಈಗಲೂ ಸ್ವಲ್ಪ ಗೊಣಗುತ್ತದೆ, ಅದಕ್ಕೆ ಶಾಫ್ಟ್ ಒಂದಿಷ್ಟು ದಪ್ಪವೇ ಬೇಕು. ಆ ಮಿಸ್ತ್ರಿ 584ನ್ನು ನೋಡಿದವನಲ್ಲ. ಹೊಳೆಯ ದಂಡೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಜಮಖಾನೆ ಹಿಂಡುವುದನ್ನು ನೋಡಿದ್ದ. ಉದ್ದದ ಬಟ್ಟೆಗೆ ಹೆಚ್ಚು ಸುತ್ತು ಬೇಕು, ಗಿಡ್ಡದಕ್ಕೆ ಕಡಿಮೆ.

ವಡಗಾವಿ, ಖಾಸಬಾಗದ ಪವರ್‌ಲೂಮುಗಳಲ್ಲೂ ಇದೇ ನ್ಯಾಯ. ಮಗ್ಗದ ಕೆಳಗಿನ ಶಾಫ್ಟಿನ ಎರಡು ತುದಿಗೆ ಎರಡು ಕ್ಯಾಮು, ಒಂದು ಎಡದಿಂದ ಲಾಳಿ ಹೊಡೆಯಲಿಕ್ಕೆ, ಒಂದು ಬಲದಿಂದ. ಅಲ್ಲಿ ಶಾಫ್ಟ್ ಮುರಿಯದಿದ್ದರಷ್ಟೇ ಸಾಲದು, ಎರಡು ತುದಿಗೂ ಒಂದೇ ಗಡಿಯಾರ ಇರಬೇಕು.

ನುಲಿತಕ್ಕೆ ವ್ಯಾಸದಿಂದ ನಾಲ್ಕು ಸಲ ಭಾಗಿಸುವ ಈ ನಾಲ್ಕನೇ ಘಾತದ ನಿಯಮವನ್ನು 1784ರಲ್ಲಿ ಕಂಡವನು ಕುಲಂಬ್ ಎಂಬ ಫ್ರೆಂಚ್ ಸೇನೆಯ ಎಂಜಿನಿಯರು, ಕೋಟೆ ಕಟ್ಟುತ್ತಿದ್ದವನು. ತಂತಿಗೆ ಭಾರ ಕಟ್ಟಿ ನೇತುಹಾಕಿ, ನುಲಿದು ಬಿಟ್ಟು, ಅದು ಹೋಗಿ ಬರುವ ಹೊತ್ತು ಎಣಿಸಿದ. ನಮ್ಮೂರಲ್ಲೂ ಕೋಟೆಯಿದೆ, ಸೇನೆಯೂ ಇದೆ. ತಂತಿ ನೇತುಹಾಕಲು ಯಾರಿಗೂ ಪುರುಸೊತ್ತು ಸಿಗಲಿಲ್ಲ.

ಐದನೆಯ ಹೆಜ್ಜೆ: ಮುರಿಯಬೇಕಾದ್ದು ಮುರಿಯಲಿ

ಖಾನಾಪುರದ ಗದ್ದೆಗೆ ರೋಟಾವೇಟರ್ ಇಳಿಸುವವರಿಗೆ ವಿಶೇಷ ಸೂಚನೆ. ಟ್ರ್ಯಾಕ್ಟರಿನ ಹಿಂದೆ ಉಪಕರಣ ತಿರುಗಿಸುವ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅದರಿಂದ 30 ಕಿಲೋವ್ಯಾಟ್ ಎಳೆದರೆ ಟಾರ್ಕ್ 530 ನ್ಯೂಟನ್-ಮೀಟರು. ಕಲ್ಲಿಗೆ, ಬೇರಿಗೆ ಬ್ಲೇಡು ಸಿಕ್ಕರೆ ಅದು ಒಮ್ಮೆಗೇ ಎಷ್ಟೋ ಪಟ್ಟು ಏರುತ್ತದೆ. ಅದಕ್ಕೆಂದೇ ಶಾಫ್ಟಿನಲ್ಲಿ ಒಂದು ಮೆತ್ತಗಿನ ಶಿಯರ್ ಬೋಲ್ಟು ಇಟ್ಟಿರುತ್ತಾರೆ. ಕಲ್ಲು ಸಿಕ್ಕರೆ ಬೋಲ್ಟು ಕತ್ತರಿಸಿ ಬೀಳುತ್ತದೆ, ಗೇರ್‌ಬಾಕ್ಸು ಬದುಕುತ್ತದೆ. ಬೋಲ್ಟಿನ ಉದ್ಯೋಗವೇ ಸಾಯುವುದು.

ನಮ್ಮ ರೈತರಿಗೆ ಇದು ಕಂಪನಿಯವರ ಮೋಸದಂತೆ ಕಾಣುತ್ತದೆ. ಎರಡು ಸಲ ಬೋಲ್ಟು ಹೋದರೆ ಮೂರನೆಯ ಸಲ ಗ್ಯಾರೇಜಿನಿಂದ ಹೈ ಟೆನ್‌ಸೈಲ್ ಬೋಲ್ಟು ತಂದು ಬಿಗಿಯುತ್ತಾರೆ. "ಈಗ ನೋಡ್ರಿ, ಹೆಂಗ ಮುರೀತೈತಿ!" ಬೋಲ್ಟು ಮುರಿಯುವುದಿಲ್ಲ, ನಿಜ. ಮುಂದಿನ ಕಲ್ಲಿಗೆ ಗೇರ್‌ಬಾಕ್ಸು ಗೋಣಿಚೀಲದಲ್ಲಿ ಉದ್ಯಮಬಾಗಕ್ಕೆ ಬರುತ್ತದೆ.

ಇನ್ನೊಂದು ಮಾತಿಗೆ ತಮಾಷೆ ಬೇಡ. 540 ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. 60 ಮಿಲಿಮೀಟರು ದಪ್ಪದ ಶಾಫ್ಟು ಆ ವೇಗದಲ್ಲಿ ಒಂದು ಸೆಕೆಂಡಿಗೆ ಒಂದೂವರೆ ಮೀಟರಿಗಿಂತ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. ಧೋತರದ ಚುಂಗಾಗಲಿ ಸೀರೆಯ ಸೆರಗಾಗಲಿ ಸಿಕ್ಕರೆ ಕೂಗುವಷ್ಟೂ ಹೊತ್ತಿಲ್ಲ. ಮೇಲಿನ ಪ್ಲಾಸ್ಟಿಕ್ ಕವಚ ಬಿಚ್ಚಿ ಬಿಸಾಡಬೇಡಿ. ಬಿಸಾಡಿದ್ದರೆ ಇವತ್ತೇ ಹೊಸದು ಹಾಕಿಸಿ.

ಮೇಲಿಂದ ಮೇಲೆ ಕೇಳುವ ಪ್ರಶ್ನೆಗಳು

ಮುರಿದದ್ದನ್ನೇ ವೆಲ್ಡಿಂಗ್ ಹಚ್ಚಿ ಕೊಡಬಹುದಲ್ಲ? ಕೊಡಬಹುದು. ಇಎನ್ 8, ಇಎನ್ 24ರಂಥ ಇಂಗಾಲ ಹೆಚ್ಚಿನ ಉಕ್ಕಿಗೆ ಮುಂಚೆ ಕಾಯಿಸದೆ ವೆಲ್ಡ್ ಹಚ್ಚಿದರೆ ಬೆಸುಗೆಯ ಪಕ್ಕದ ಉಕ್ಕು ಗಡಸಾಗಿ, ಪೆಡಸಾಗಿ ನಿಲ್ಲುತ್ತದೆ. ಮುಂದಿನ ಸಲ ಅಲ್ಲೇ ಮುರಿಯುತ್ತದೆ. ಸುಗ್ಗಿ ಮುಗಿಯುವ ತನಕ ನಡೆದರೆ ಸಾಕು ಎನ್ನುವವರು ಹಚ್ಚಿಸಿಕೊಳ್ಳಿ, ಹೊಸ ಶಾಫ್ಟಿಗೂ ಅದೇ ಹೊತ್ತಿಗೆ ಅಡ್ವಾನ್ಸ್ ಕೊಡಿ.

ಪೈಪು ಹಾಕಿದರೆ ನಡೆಯುತ್ತದೆಯೇ? ನಡೆಯುತ್ತದೆ, ಚೋರ್ಲಾ ಘಾಟು ಹತ್ತುವ ಲಾರಿಗಳನ್ನು ನೋಡಿ, ಅವುಗಳ ಪ್ರೊಪೆಲ್ಲರ್ ಶಾಫ್ಟು ಪೊಳ್ಳು ಕೊಳವೆಯೇ. ಹೊರವ್ಯಾಸದ ಅರ್ಧದಷ್ಟನ್ನು ಒಳಗೆ ಕೊರೆದು ತೆಗೆದರೆ ತೂಕದಲ್ಲಿ ಕಾಲುಭಾಗ ಹೋಗುತ್ತದೆ, ಬಲದಲ್ಲಿ ಹೋಗುವುದು ಹದಿನಾರನೇ ಒಂದು. ಶಾಫ್ಟಿನ ನಡುಗರ್ಭ ಸರ್ಕಾರಿ ರಜೆಯ ಮೇಲಿರುತ್ತದೆ, ದುಡಿಯುವುದು ಹೊರಮೈ. ಆದರೆ ನೀರಿನ ಪೈಪು ತಂದು ಶಾಫ್ಟ್ ಮಾಡಿ ಎನ್ನಬೇಡಿ.

ಗ್ಯಾರಂಟಿ ಎಷ್ಟು? ಮಿಸ್ತ್ರಿ ಕೈ ಒರೆಸಿಕೊಳ್ಳುತ್ತಾನೆ. ಅದೇ ಉತ್ತರ.

ಕೊನೆಯದಾಗಿ, ಗೋಣಿಚೀಲವಿಲ್ಲದೆ, ಏನೂ ಮುರಿಯದೆ, ಅಪ್ಪಿತಪ್ಪಿ ಈ ಕೈಪಿಡಿ ಓದಿದವರಿಗೆ ಒಂದು ವಿನಂತಿ. ನಿಮ್ಮ ಗಿರಣಿಗೋ ಗಾಣಕ್ಕೋ ಮಗ್ಗಕ್ಕೋ ಹಾಕಿದ ಮೋಟಾರಿನ ನೇಮ್‌ಪ್ಲೇಟನ್ನು ಇವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕಿಲೋವ್ಯಾಟು, ಸುತ್ತು ಎರಡೂ ಅದರ ಮೇಲಿರುತ್ತವೆ. ಹೋಗುವಾಗ ಒಂದು ಬಟ್ಟೆ, ಒಂದಿಷ್ಟು ಥಿನ್ನರ್ ಒಯ್ಯಿರಿ. ಮೋಟಾರಿಗೆ ಬಣ್ಣ ಬಳಿದವರು ನೇಮ್‌ಪ್ಲೇಟಿನ ಮೇಲೂ ಬಳಿದಿರುತ್ತಾರೆ.